ಹೊಸ ಕಾರು, ಹೊಗೆಸೊಪ್ಪು, ತಂಗಿಯ ಹುಳು ಮನೆ

"ಹೊಸ ಕಾರು ಹೇಗಿದೆ ಸಾರ್?" ಅಂತ ಆ ವರ್ಷ ನನ್ನನ್ನು ಕೇಳದವರಿಲ್ಲ. ಆಫೀಸಿನಲ್ಲಿ ಕೇಳಿದರು, ತರಕಾರಿ ಅಂಗಡಿಯಲ್ಲಿ ಕೇಳಿದರು, ಕ್ಷೌರದಂಗಡಿಯಲ್ಲಿ ಕತ್ತಿ ಗಂಟಲ ಹತ್ತಿರ ಇಟ್ಟುಕೊಂಡೇ ಕೇಳಿದರು. "ಚೆನ್ನಾಗಿದೆ" ಅನ್ನುತ್ತಿದ್ದೆ. ಸುಳ್ಳೇನಲ್ಲ. ಕಾರು ಚೆನ್ನಾಗೇ ಇತ್ತು. ನಾನು ಮಾತ್ರ ಅದು ಬಂದ ದಿನದಿಂದ ಚೆನ್ನಾಗಿರಲಿಲ್ಲ.

ವಿಮಾನ ನಿಲ್ದಾಣ ಬಂದು ದೇವನಹಳ್ಳಿ ಕಡೆಯ ಬೀಳು ನೆಲಕ್ಕೂ ಬೆಲೆ ಬಂದ ಕಾಲ ಅದು. ನನ್ನ ಪಾಲಿಗೆ ಬಂದಿದ್ದ, ಹುರುಳಿಯೂ ನೆಟ್ಟಗೆ ಬೆಳೆಯದ ತುಂಡು ಜಮೀನೊಂದು ಮಾರಿಹೋಗಿ, ಚಿಕ್ಕಬಳ್ಳಾಪುರದ ನಮ್ಮ ಮನೆ ಮುಂದೆ ಆನೆಮರಿಯಂಥ ಕಾರೊಂದು ಬಂದು ನಿಂತಿತು. ನಾನು ಕೇಳಿದ್ದು ಸಣ್ಣ ಕಾರು. "ಜೀವಮಾನದಲ್ಲಿ ಒಂದ್ ಸಲನಾದ್ರೂ ಎತ್ತರದಲ್ಲಿ ಕೂತ್ಕೊಂಡು ಹೋಗಣ ರೀ" ಅಂದಳು ಹೆಂಡತಿ. ಅವಳು ಎತ್ತರದಲ್ಲಿ ಕೂತಳು. ನಾನು ಅವಳ ಪಕ್ಕದಲ್ಲಿ ಸ್ಟೀರಿಂಗನ್ನು ಬಾವಿಯ ಹಗ್ಗದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಎಲ್ಲರೂ ಹೇಳುವ ಒಳ್ಳೆಯದೆಲ್ಲ ನಿಜ. ಸೀಟು ಚರ್ಮದ್ದು, ಬೆನ್ನು ನೋಯುವುದಿಲ್ಲ. ಗುಂಡಿಗೆ ಇಳಿದರೂ ಒಳಗೆ ಗೊತ್ತಾಗುವುದಿಲ್ಲ. ಇದೇ ನನಗೆ ಭಯ. ಹಳೆಯ ಸ್ಕೂಟರಾಗಿದ್ದರೆ ರಸ್ತೆಯ ಪ್ರತಿ ಕಲ್ಲೂ ಬಂದು ತನ್ನ ಪರಿಚಯ ಹೇಳಿಕೊಳ್ಳುತ್ತಿತ್ತು. ಇಲ್ಲಿ ಏನನ್ನು ಹತ್ತಿಸಿದೆ, ಏನನ್ನು ಇಳಿಸಿದೆ ಅನ್ನುವುದೇ ತಿಳಿಯದು. ಹಿಂದಕ್ಕೆ ತೆಗೆಯುವಾಗ ಏನಾದರೂ ಹತ್ತಿರ ಬಂದರೆ ಕಾರು ಕುಂಯ್ ಕುಂಯ್ ಅನ್ನುತ್ತಿತ್ತು. ನಮ್ಮಿಬ್ಬರ ಸ್ವಭಾವ ಹೊಂದಿದ್ದು ಅದೊಂದರಲ್ಲೇ. ಗೌರಿಬಿದನೂರಿಗೆ ಮದುವೆಗೆ ಹೋದಾಗ ಪಾಯಸ ಬಡಿಸುವ ಮೊದಲೇ ಎಲೆ ಬಿಟ್ಟು ಎದ್ದೆ. ಹೊರಗೆ ಮಕ್ಕಳು ಕಾರಿನ ಧೂಳಿನ ಮೇಲೆ ಬೆರಳಲ್ಲಿ ಹೆಸರು ಬರೆಯುತ್ತಾ ಇರಬಹುದು ಅನ್ನಿಸಿತು. ಬರೆಯುತ್ತಲೂ ಇದ್ದರು.

ಇಲಿಯ ಭಯ ಹತ್ತಿಸಿದವನು ಚಿಂತಾಮಣಿಯ ಒಬ್ಬ ಮೆಕ್ಯಾನಿಕ್. ಕಾರನ್ನು ಸುತ್ತು ಹಾಕಿ ನೋಡಿ, ಬಾನೆಟ್ ತಟ್ಟಿ, "ಬಂಡಿ ಬಾಗುಂದಿ ಸಾರ್, ಚೆನ್ನಾಗಿದೆ. ಆದ್ರೆ ಇಲಿ ಒಳಕ್ಕೆ ಸೇರ್ಕೊಂಡ್ರೆ ವೈರ್ ಎಲ್ಲಾ ಕಡಿದು ಹಾಕ್ತವೆ, ಅಷ್ಟೇ" ಅಂದ. ಅಷ್ಟೇ ಅಂದುಬಿಟ್ಟ. ಆ ರಾತ್ರಿಯಿಂದ ನನಗೆ ಮನೆಯ ಸುತ್ತ ಇಲಿಗಳೇ ಓಡಾಡಿದಂತೆ ಕೇಳತೊಡಗಿತು. ಅವನೇ ಮದ್ದನ್ನೂ ಹೇಳಿದ್ದ: ಹೊಗೆಸೊಪ್ಪಿನ ಎಲೆ ಇಟ್ಟರೆ ಆ ಘಾಟಿಗೆ ಇಲಿ ಹತ್ತಿರ ಸುಳಿಯುವುದಿಲ್ಲ. ಸಂತೆಯಿಂದ ಕಟ್ಟು ತಂದು ಬಾನೆಟ್ಟಿನ ಒಳಗೆ ಸಿಕ್ಕಿಸಿದೆ. ಅವನು ಹೇಳಿದ್ದು ಅಷ್ಟೇ. ಮುಂದಿನಿಂದ ಬರಲಾಗದ ಇಲಿ ಹಿಂದಿನಿಂದ ಬಂದರೆ ಅನ್ನುವುದು ನನ್ನ ಸ್ವಂತ ಯೋಚನೆ. ಡಿಕ್ಕಿಯ ರತ್ನಗಂಬಳಿಯಂಥ ಹಾಸಿನ ಕೆಳಗೂ ಮೂಲೆ ಮೂಲೆಗೂ ಹೊಗೆಸೊಪ್ಪು ತುರುಕಿದೆ. ಒಣಗಿದ ಎಲೆ, ಮುಟ್ಟಿದರೆ ಪುಡಿಯಾಗುತ್ತಿತ್ತು. ವಾಸನೆ ಬಾರದಿರಲೆಂದು ಹೆಂಡತಿ ಸೆಂಟಿನ ಡಬ್ಬಿ ತಂದಿಟ್ಟಳು. ಆಮೇಲೆ ನಾನು ಅದನ್ನು ಮರೆತೆ. ನೂರು ವಿಷಯಕ್ಕೆ ಹೆದರುವವನಿಗೆ, ಹೆದರಬೇಕಾದ ಒಂದು ಮರೆತುಹೋಗುತ್ತದೆ.

ಇನ್ನು ನನ್ನ ತಂಗಿಯ ವಿಷಯ ಹೇಳಬೇಕು. ಅವಳನ್ನು ಕೊಟ್ಟಿದ್ದು ಮೇಲೂರಿಗೆ. ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಹುಳು ಮನೆ. ಆ ಮನೆಯ ಮೇಲೆ ಅವಳ ಅತ್ತೆಗೆ ಬೇರೆಯೇ ಕಣ್ಣು. ಹಿಂದಿನ ಬೆಳೆಯಲ್ಲಿ ಹುಳುವಿಗೆ ರೋಗ ಬಂದು ಗೂಡು ಕೈಗೆ ಹತ್ತಿರಲಿಲ್ಲ. "ಈ ಸಲ ಹೋಯ್ತು ಅಂದ್ರೆ ಹುಳು ಮನೆ ಹಸುಗಳಿಗೆ ಬಿಟ್ಕೊಡಮ್ಮ. ಹಾಲು ದಿನಾ ಕರೀಬೋದು. ನಿನ್ನ ಹುಳ ಅದೇನು ಕರೆಯುತ್ತೆ?" ಅಂದಿದ್ದರು ಅತ್ತೆ. ತಂಗಿ "ಆಯ್ತು, ಈ ಸಲ ನೋಡಿ" ಅಂತ ಮಾತು ಕೊಟ್ಟಿದ್ದಳು. ಗಂಡ ಇಬ್ಬರ ನಡುವೆ ಬಾಯಿ ಬಿಡದ ಮನುಷ್ಯ. ಹಾಗಾಗಿ ಆ ಒಂದು ಬೆಳೆಯ ಮೇಲೆ ಅವಳದ್ದೆನ್ನುವ ಕೆಲಸ, ಅವಳದ್ದೆನ್ನುವ ಮನೆ ಎರಡೂ ನಿಂತಿದ್ದವು.

ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಕೊನೆಯ ಹಸಿವಿಗೆ ಬಂದಿದ್ದವು. ಆ ದಿನಗಳಲ್ಲಿ ಅವು ತಿನ್ನುವ ವೇಗಕ್ಕೆ ಎಷ್ಟು ತೋಟವಿದ್ದರೂ ಸಾಲದು. ತಂಗಿಗೆ ಹಿಪ್ಪುನೇರಳೆ ಸೊಪ್ಪು ಕಡಿಮೆ ಬಿತ್ತು. ನಮ್ಮ ಊರಿನ ತೋಟದಲ್ಲಿ ಸೊಪ್ಪಿತ್ತು, ತರುವ ಟೆಂಪೋ ಕೈಕೊಟ್ಟಿತ್ತು. ಬೆಳಿಗ್ಗೆ ಫೋನ್ ಮಾಡಿದಳು.

"ಅಣ್ಣಾ, ಅಷ್ಟು ದೊಡ್ಡ ಕಾರು ಇಟ್ಕೊಂಡಿದೀಯ, ಸೊಪ್ಪು ಹತ್ಸಿದ್ರೆ ಅದರ ಮರ್ಯಾದೆ ಹೋಗುತ್ತಾ?"

"ಮರ್ಯಾದೆ ಅಲ್ಲ ಕಣಮ್ಮ, ಕಲೆ..."

"ಕಲೆ ಆದ್ರೆ ನಾನೇ ಬಂದು ತೊಳ್ಕೊಡ್ತೀನಿ ಕಣಣ್ಣ. ಹುಳ ಬಾಯಿ ಬಿಟ್ಕೊಂಡು ನೋಡ್ತಾ ಇದಾವೆ."

ಹೋದೆ. ಡಿಕ್ಕಿಯ ಹಾಸು ಕೊಳೆಯಾದೀತೆಂದು ತೋಟದ ಆಳಿನ ಕೈಲಿ ಅದನ್ನು ಮಡಿಸಿ ಪಕ್ಕಕ್ಕಿಡಿಸಿ, ಸೊಪ್ಪಿನ ಹೊರೆಗಳನ್ನು ಕೆಳಗಿನ ಬರಿ ತಗಡಿನ ಮೇಲೆ ಹಾಕಿಸಿದೆ; ನನ್ನ ಕಣ್ಣೆಲ್ಲ ಬಾಗಿಲಿಗೆ ಎಲ್ಲಿ ಗೀರು ಬೀಳುತ್ತದೋ ಅನ್ನುವುದರ ಮೇಲೇ ಇತ್ತು. ಇಬ್ಬನಿ ಇನ್ನೂ ಆರಿರಲಿಲ್ಲ. ಬಾಡಬಾರದೆಂದು ಗಾಜು ಏರಿಸಿ ಏಸಿ ಹಾಕಿದೆ. ಏಸಿಯಲ್ಲಿ ಬಂದ ಸೊಪ್ಪು ತಿನ್ನುವ ಭಾಗ್ಯ ಈ ತಾಲ್ಲೂಕಿನ ಯಾವ ಹುಳುವಿಗಿದೆ ಅಂತ ಜಂಬವೂ ಬಂತು. ಮೇಲೂರಿನಲ್ಲಿ ಹೊರೆ ಇಳಿಸಿ, ಕಾಫಿಗೂ ನಿಲ್ಲದೆ, ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಚಿಂತಾಮಣಿಗೆ ಹೊರಟೆ.

ಅಲ್ಲಿ ಉಡುಗೊರೆಯ ಡಬ್ಬ ತೆಗೆಯಲು ಡಿಕ್ಕಿ ಎತ್ತಿದೆ. ಉದುರಿದ್ದ ಒಂದೆರಡು ಹಸಿರು ಎಲೆ ಬಿದ್ದಿದ್ದವು. ಗುಡಿಸೋಣವೆಂದು ಕೈ ಹಾಕಿದರೆ ಬೆರಳಿಗೆ ಕಂದು ಪುಡಿ ಹತ್ತಿತು. ಮೂಸಿ ನೋಡಿದೆ. ಮೂಸುವ ಅಗತ್ಯವೇ ಇರಲಿಲ್ಲ.

ನಾನು ಹುಳು ಸಾಕುವ ಮನೆಯಲ್ಲಿ ಹುಟ್ಟಿದವನು. ನಮ್ಮ ತಾತ ಹೊಗೆಸೊಪ್ಪು ಹಾಕುತ್ತಿದ್ದವರು. ಹುಳು ಮನೆಗೆ ಹೋಗುವ ಮುಂಚೆ ಬಾಯಿ ಮುಕ್ಕಳಿಸಿ, ಕೈಗೆ ಬೂದಿ ಉಜ್ಜಿ ತೊಳೆದು, ಪಂಚೆ ಬದಲಿಸಿ, ಆಮೇಲೂ ಬಾಗಿಲಲ್ಲೇ ನಿಂತು ಮಾತಾಡಿ ಬರುತ್ತಿದ್ದರು. ಹೊಗೆಸೊಪ್ಪಿನ ಘಾಟು ತಗುಲಿದ ಎಲೆ ತಿಂದರೆ ಹುಳು ತಲೆ ಎತ್ತಿ ತೂಗಾಡಿ, ಬಾಯಲ್ಲಿ ಹಸಿರು ನೀರು ಕಾರಿ ಸುರುಟಿಕೊಳ್ಳುತ್ತದೆ. ನಮ್ಮ ಕಡೆ ಇದು ಗೊತ್ತಿಲ್ಲದ ಮಗುವಿಲ್ಲ. ಐವತ್ತರ ಹತ್ತಿರದ ನಾನು ಇಲಿಗೆ ಹೆದರಿ ಅದನ್ನೇ ತಂಗಿಯ ಮನೆಗೆ ಏಸಿ ಹಾಕಿ ಮುಟ್ಟಿಸಿ ಬಂದಿದ್ದೆ.

ಫೋನ್ ತೆಗೆದೆ. ತಂಗಿಯ ಗಂಡನ ಮೊಬೈಲಿಗೆ ಮಾಡಿದರೆ ಸ್ವಿಚ್ ಆಫ್. ಅವರ ಮನೆಯ ಫೋನಿಗೆ ಮಾಡಿದೆ. ಎತ್ತಿದ್ದು ತಂಗಿಯ ಅತ್ತೆ.

"ಏನಪ್ಪಾ, ಆಗ್ಲೇ ಊರು ಸೇರ್ಕೊಂಡ್ಯಾ?"

"ಅಮ್ಮಾ, ತಂಗೀನ ಸ್ವಲ್ಪ ಕರೀರಿ."

"ಅವಳು ಹುಳು ಮನೇಲಿದಾಳೆ. ನನ್ನ ಮಂಡಿನೋವು ನಿನಗೆ ಗೊತ್ತಲ್ಲಪ್ಪಾ. ಏನು ಹೇಳ್ಬೇಕು, ಹೇಳು."

ಹೇಳಬೇಕಾದ್ದು ಒಂದೇ ಮಾತು. ನಾಲಿಗೆಯ ತುದಿಗೂ ಬಂತು. ಅದನ್ನು ಈ ಅಮ್ಮನ ಕಿವಿಗೆ ಹಾಕಿದರೆ ಸಂಜೆಯೊಳಗೆ ಹುಳು ಮನೆಯಲ್ಲಿ ಹಸು ಕಟ್ಟುವ ಗೊಂತು ಹಾಕಿಸುತ್ತಾರೆ ಅನ್ನಿಸಿ ನುಂಗಿದೆ. "ಸೊಪ್ಪು ಕಾವು ಹಿಡಿದಿರಬೋದು ಅಮ್ಮ, ನಾನು ಬರೋವರೆಗೂ ಹಾಕ್ಬೇಡ ಅಂತ ಹೇಳ್ಬಿಡಿ" ಅಂದೆ.

"ಏಸಿ ಹಾಕ್ಕೊಂಡು ತಂದೆ ಅಂತ ಹೇಳ್ಕೊಂಡ್ಯಲ್ಲಪ್ಪಾ, ಕಾವು ಎಲ್ಲಿಂದ ಬಂತು?" ಅಂತ ನಕ್ಕು ಫೋನ್ ಇಟ್ಟರು.

ಅವರು ಹೇಳುತ್ತಾರೋ ಇಲ್ಲವೋ ದೇವರೇ ಬಲ್ಲ. ಉಡುಗೊರೆಯನ್ನು ಯಾರ ಕೈಗೋ ತುರುಕಿ ಕಾರು ತಿರುಗಿಸಿದೆ.

ಆ ಕಾರು ಓಡುತ್ತದೆ ಎಂದು ನನಗೆ ತಿಳಿದದ್ದು ಆವತ್ತೇ. ಅಲ್ಲಿಯವರೆಗೂ ಅದನ್ನು ನಾನು ಹಾಲಿನ ಪಾತ್ರೆಯ ಹಾಗೆ ಹೊತ್ತುಕೊಂಡು ತಿರುಗಿದ್ದೆ. ಶಿಡ್ಲಘಟ್ಟದ ರಸ್ತೆಯಲ್ಲಿ ಬಸ್ಸನ್ನು ಹಿಂದೆ ಹಾಕಿದೆ. ಬಸ್ಸಿನ ಡ್ರೈವರು ಏನೋ ಬೈದ, ತಲೆ ಬಾಗಿಸಿ ಒಪ್ಪಿಕೊಂಡೆ. ಸುಗ್ಗಿಯ ಕಾಲವಾದ್ದರಿಂದ ರಸ್ತೆಗೆ ಅಡ್ಡಲಾಗಿ ಹುರುಳಿ ಗಿಡ ಹರಡಿದ್ದರು. ಗಾಡಿಗಳು ಅದರ ಮೇಲೆ ಓಡಾಡಿ ಕಾಳು ಉದುರಿಸಿಕೊಡಬೇಕು, ಅದು ನಮ್ಮ ಕಡೆಯ ಪುಕ್ಕಟೆ ಒಕ್ಕಣೆ. ಒಣಹುಲ್ಲು ಅಡಿಗೆ ಸಿಕ್ಕಿ, ಬಿಸಿ ಕೊಳವೆಗೆ ಸುತ್ತಿಕೊಂಡು ಬೆಂಕಿ ಹತ್ತುತ್ತದೆ ಅಂತ ಯಾರೋ ಹೇಳಿದ್ದರಿಂದ, ಹುರುಳಿ ಕಂಡರೆ ನಾನು ಮಣ್ಣಿಗಿಳಿದು ಸುತ್ತಿಕೊಂಡು ಹೋಗುತ್ತಿದ್ದವನು. ಅವತ್ತು ನಡುವೆಯೇ ನುಗ್ಗಿಸಿದೆ. ಕೆಳಗೆ ಚರಚರ ಅಂತ ಸದ್ದು. ಕವೆಗೋಲು ಹಿಡಿದಿದ್ದ ಹೆಂಗಸೊಬ್ಬಳು, "ಒಳ್ಳೆ ತೂಕದ ಗಾಡಿ ಕಣೇ! ಸಾರ್, ಹಂಗೇ ಇನ್ನೊಂದ್ ಸುತ್ತು ಬಂದು ಹೋಗ್ರೀ!" ಅಂತ ಕೂಗಿದಳು. ಮುಂದೆಲ್ಲ ಸುಟ್ಟ ವಾಸನೆ ಬರುತ್ತಿದೆಯಾ ಅಂತ ಮೂಗು ಅರಳಿಸಿಕೊಂಡೇ ಹೋದೆ. ಮೂಗಿನ ತುಂಬ ಇದ್ದದ್ದು ಹೊಗೆಸೊಪ್ಪು.

ಮೇಲೂರಿನಲ್ಲಿ ಕಾರನ್ನು ಬೀದಿಯ ತುದಿಯಲ್ಲೇ ಬಿಟ್ಟು ಓಡಿದೆ. ಹುಳು ಮನೆಯ ಬಾಗಿಲಿಗೆ ಇನ್ನೂ ದೂರವಿರುವಾಗಲೇ, "ಸೊಪ್ಪು ಹಾಕ್ಬೇಡ ಕಣಮ್ಮಾ!" ಅಂತ ಅರಚಿದೆ.

ತಂಗಿ ಹೊರಗೆ ಬಂದಳು. ಕೈಯಲ್ಲಿ ಸೊಪ್ಪಿನ ಕುಕ್ಕೆ. ಹತ್ತಿರ ಹೋದೆ, ಅವಳ ಮೂಗು ಸಣ್ಣಗೆ ಅಲುಗಿತು.

"ಅಲ್ಲೇ ನಿಂತ್ಕೊಳಣ್ಣ. ಬಾಗ್ಲು ಹತ್ರ ಬರ್ಬೇಡ" ಅಂದಳು. ಆಮೇಲೆ ಬಹಳ ಮೆತ್ತಗೆ, "ಹೊಗೆಸೊಪ್ಪಾ?"

"ಡಿಕ್ಕೀಲಿ ಇಟ್ಟಿದ್ದೆ. ಇಲಿಗೆ."

"ಇಲಿಗೆ" ಅಂತ ಅವಳೂ ಹೇಳಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕುಕ್ಕೆ ಕೆಳಗಿಟ್ಟು, ಕೈ ತೊಳೆದುಕೊಂಡು ಒಳಗೆ ಓಡಿದಳು. ಅತ್ತೆ ಏನೂ ಹೇಳಿರಲಿಲ್ಲ. ಅಣ್ಣ ತಂದ ಸೊಪ್ಪು ಎಷ್ಟು ತಣ್ಣಗೆ, ಎಷ್ಟು ಹಸಿರಾಗಿದೆ ಅಂತ ಬಾಗಿಲ ಪಕ್ಕದ ಸಾಲಿನ ತಟ್ಟೆಗಳಿಗೆ ಆಗಲೇ ಹಾಕಿದ್ದಳು.

ಆ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ತಂದು ಬೇವಿನ ನೆರಳಿನಲ್ಲಿ ಗಾಳಿಗಿಟ್ಟಳು. ಎಲೆಗಳನ್ನೆಲ್ಲ ಎತ್ತಿ ಬಿಸಾಡಿದಳು. ನಾನು ಅಂಗಳದ ಆಚೆ ಬದಿಯಲ್ಲಿ ನಿಂತು ನೋಡಿದೆ. ಹುಳುಗಳು ತಲೆ ಎತ್ತಿ ಮೆಲ್ಲಗೆ ಅತ್ತ ಇತ್ತ ಆಡಿಸುತ್ತಿದ್ದವು. ಸಾವಿರಾರು ತಲೆಗಳು, ಸದ್ದಿಲ್ಲದೆ. ಬೇಡ ಬೇಡ ಅಂದ ಹಾಗೆ. ಕೆಲವು ಆಗಲೇ ಹಸಿರು ಕಾರಿ ಮಡಿಸಿಕೊಂಡಿದ್ದವು. ಬದುಕಿನಲ್ಲಿ ನಾನು ಬೇಕಾದಷ್ಟು ಹೆದರಿದ್ದೇನೆ, ಆದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಮೈ ತಣ್ಣಗಾದದ್ದು ಅದೊಂದೇ ಸಲ.

ಅತ್ತೆ ಮಂಡಿ ಹಿಡಿದುಕೊಂಡು ಬಂದರು. ತಟ್ಟೆ ನೋಡಿದರು, ನನ್ನನ್ನು ನೋಡಿದರು, ರಾಶಿ ಬಿದ್ದಿದ್ದ ಸೊಪ್ಪು ನೋಡಿದರು. ಈಗ ಗೊಂತಿನ ಮಾತು ಬರುತ್ತದೆ ಅಂತ ಕಣ್ಣು ಮುಚ್ಚಿಕೊಂಡೆ.

"ಆ ಸೊಪ್ಪನ್ನ ಯಾರಾದ್ರೂ ನನ್ನ ಹಸುಗಳಿಗೆ ಹಾಕಿದ್ರೆ ನೋಡಿ ಮತ್ತೆ" ಅಂದರು. "ಗುಂಡಿ ತೆಗೆದು ಹೂತು ಬಾರಪ್ಪಾ. ನೀನು ತಂದಿದ್ದು, ನೀನೇ ಹೂಳು."

ಹೂತೆ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಗುದ್ದಲಿ ಹಿಡಿದು ಗುಂಡಿ ತೋಡುತ್ತಿದ್ದಾಗ ತಂಗಿಯ ಗಂಡ ಮೊಪೆಡ್ಡಿನ ಮೇಲೆ ಜಂಗಮಕೋಟೆ ಕಡೆಯಿಂದ ಎರಡು ಹೊರೆ ಸೊಪ್ಪು ತಂದರು. ನಡೆದದ್ದು ಕೇಳಿ, "ಮೊಪೆಡ್ಡಿಗೆ ಇಲಿ ಬರಲ್ಲ ಬಿಡಿ" ಅಂದರು. ಅವರ ಬಾಯಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದು.

ಒಳಗಿನ ತಟ್ಟೆಗಳಿಗೆ ಹೊಸ ಸೊಪ್ಪು ಬಿತ್ತು. ಅವು ತಿನ್ನುವ ಸದ್ದು ಹೊರಗೆ ನನ್ನವರೆಗೂ ಬಂತು. ಬೇವಿನಡಿಯವು ಮಾತ್ರ ತಲೆ ಇಳಿಸಲಿಲ್ಲ. ತಂಗಿ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಎಳೆಯ ಎಲೆ ಹರಿದು ಹರಿದು ಬಾಯಿಯ ಹತ್ತಿರ ಇಡುತ್ತಿದ್ದಳು, ಜ್ವರದ ಮಗುವಿಗೆ ಗಂಜಿ ಹಿಡಿದ ಹಾಗೆ. ಗಾಳಿ ನನ್ನ ಕಡೆಯಿಂದ ಅವುಗಳ ಕಡೆಗೆ ತಿರುಗಿದಾಗಲೆಲ್ಲ ನಾನು ಜಾಗ ಬದಲಿಸಿದೆ. ಹೊತ್ತು ಇಳಿಯುವಾಗ ಅತ್ತೆ ತಟ್ಟೆಯ ಮೇಲೆ ಬಾಗಿ, "ಇದೊಂದು ಕಚ್ತು ನೋಡೇ" ಅಂದರು. ಆಮೇಲೆ "ಇದೂನೂ." ಆ ದನಿಯಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ. ಎಲ್ಲವೂ ಕಚ್ಚಲಿಲ್ಲ. ಏಳದವನ್ನು ತಂಗಿ ಮೊರಕ್ಕೆ ಬಳಿದು ನಾನು ತೋಡಿದ ಗುಂಡಿಗೇ ಹಾಕಿದಳು. ಮೊರ ತುಂಬಿತ್ತು.

ಕಾರಿನ ಹೊಗೆಸೊಪ್ಪನ್ನೆಲ್ಲ ಮಾರನೆಯ ದಿನ ತೆಗೆದು ಹಾಕಿದೆ. ಈಗ ಇಲಿ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಜೊತೆಗೆ ಫೋನಿಗೂ. ಮನೆಯಲ್ಲಿ ಅದು ಬಾರಿಸಿದಾಗಲೆಲ್ಲ ಹೆಂಡತಿಯನ್ನು ಎತ್ತಲು ಕಳಿಸಿ ನಾನು ಬಚ್ಚಲಿಗೆ ಹೋಗುತ್ತಿದ್ದೆ. ಕಡೆಗೆ ಒಂದು ಬೆಳಿಗ್ಗೆ ಅವಳು ಬಚ್ಚಲ ಬಾಗಿಲು ತಟ್ಟಿ ಫೋನನ್ನು ಕೈಗೇ ಕೊಟ್ಟಳು.

"ಹುಳನೆಲ್ಲ ಚಂದ್ರಿಕೆ ತಟ್ಟಿಗೆ ಹತ್ಸಿದೀನಿ ಕಣಣ್ಣ, ಗೂಡು ಕಟ್ತಾ ಇದಾವೆ" ಅಂದಳು ತಂಗಿ.

"ಎಲ್ಲಾನೂ?"

"ಬೇವಿನಡಿ ಇದ್ದವು ಸ್ವಲ್ಪ ತೆಳ್ಳಗೆ ಕಟ್ತಾ ಇದಾವೆ. ಕಟ್ತಾ ಇದಾವೆ ಅನ್ನೋದು ಮುಖ್ಯ. ಹುಳು ಮನೆ ನನಗೇ ಅಂತೆ, ಅತ್ತೆ ಹಸುಗಳಿಗೆ ಆಚೆ ಬದೀಲಿ ಶೀಟ್ ಹಾಕಿಸ್ತಾ ಇದಾರೆ." ನಗು ತಡೆದುಕೊಂಡು ಹೇಳಿದಳು: "ಅವರೇ ಕೇಳು ಅಂದ್ರು. ಗೂಡನ್ನ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ತಗೊಂಡು ಹೋಗೋಕೆ ನಿನ್ನ ಕಾರು ಕಳಿಸ್ತೀಯಾ ಅಂತ."

ಗೂಡಿನೊಳಗೆ ಸೇರಿಕೊಂಡ ಹುಳುವಿಗೆ ಹೊಗೆಸೊಪ್ಪಿನ ಘಾಟು ಏನೂ ಮಾಡದು. ಅದು ನನಗೆ ಗೊತ್ತು. ಅದು ಅವಳಿಗೂ ಗೊತ್ತು.

"ಬೇಡ ಕಣಮ್ಮ" ಅಂದೆ. "ನಾನು ಬಸ್ಸಲ್ಲಿ ಬರ್ತೀನಿ. ಮೂಟೆ ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ."