ಗುಟ್ಟಿನ ತಿರುಗಾಟ

ಬೀಗ ಹಾಕಿದರೆ ಗುಟ್ಟು ಉಳಿಯುತ್ತದೆಂದು ನಂಬುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳಿ ಹೇಳಿ ನನ್ನ ಆ ನಂಬಿಕೆ ಸವೆದುಹೋಗಿದೆ. ನೋಡಿ, ನಮ್ಮ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ದೂರದ ಯಾರದೋ ಸರ್ವರಿನಲ್ಲಿ ಇಡುತ್ತೇವೆ. ಆ ಸರ್ವರಿನ ಒಡೆಯ ಓದಲಾರ, ನಿಜ. ಆದರೆ ಯಾವ ಕಡತವನ್ನು ಯಾವಾಗ, ಎಷ್ಟು ಸಲ ತೆರೆದೆವೆಂದು ನೋಡುತ್ತ ಕೂತಿರುತ್ತಾನೆ. ಒಳಗೇನಿದೆಯೆಂದು ಊಹಿಸಲು ಅಷ್ಟು ಸಾಕು. ಅದಕ್ಕೆ ಪಂಡಿತರು ಹೇಳುವ ಉಪಾಯ: ಬೇಕಾದ ಒಂದರ ಜೊತೆ ಬೇಡದ ನಾಲ್ಕನ್ನೂ ತೆಗೆ, ಮರಳಿ ಇಡುವಾಗ ಜಾಗ ಬದಲಿಸು. ಈ ದಂಡದ ದುಡಿತವನ್ನು ಕಡಿಮೆ ಮಾಡುವುದು ಹೇಗೆಂದು ಅವರು ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆ.

ನನ್ನ ತಂಗಿ ಶೋಭಾ ಕಮಲಾಪುರದ ಸೊಸೆ. ಹಿಂದೆ ಎರಡು ಸಲ ಬಸಿರು ನಿಲ್ಲಲಿಲ್ಲ. ಆ ದುಃಖಕ್ಕಿಂತ, ಬಂದವರಿಗೆಲ್ಲ ಅದನ್ನು ಮತ್ತೆ ಮತ್ತೆ ಹೇಳಬೇಕಾದದ್ದೇ ಅವಳನ್ನು ಹೈರಾಣ ಮಾಡಿತ್ತು. ಈ ಸಲ ಬಸಿರಾದದ್ದು ಗಂಡನನ್ನೂ ನನ್ನನ್ನೂ ಬಿಟ್ಟು ಯಾರಿಗೂ ತಿಳಿಯಬಾರದೆಂದಳು. ಆದರೆ ಕಮಲಾಪುರದ ಬಸ್ಸಿನಲ್ಲಿ ಪರಿಚಯವಿಲ್ಲದ ಮುಖವೇ ಇರುವುದಿಲ್ಲ. ಮತ್ತೆ ಮತ್ತೆ ಕಲಬುರಗಿಯ ಅದೇ ದವಾಖಾನೆಗೆ ಹೋದರೆ ಮಗುವಿಗಿಂತ ಮೊದಲು ಸುದ್ದಿ ಹುಟ್ಟುತ್ತದೆ.

ನಾನು ಪಾಂಡಿತ್ಯ ತೋರಿಸಿದೆ. ಒಮ್ಮೆ ಮೋಮಿನಪುರದ ಟೇಲರ್, ಆಮೇಲೆ ದವಾಖಾನೆ. ಇನ್ನೊಮ್ಮೆ ದವಾಖಾನೆ ಮೊದಲು, ಬಳೆ ಅಂಗಡಿ ಆಮೇಲೆ. ಡಾಕ್ಟರ ಬಳಿ ಕೆಲಸವಿಲ್ಲದಾಗಲೂ ಸುಮ್ಮನೆ ಒಂದು ತಿರುಗಾಟ. ಊರು ನಿಜಕ್ಕೂ ಮೋಸಹೋಯಿತು. "ಶೋಭಾಗ ಪ್ಯಾಟಿ ಹುಚ್ಚು ಹಿಡದದ" ಎಂದರಂತೆ. ನನಗೆ ಹೆಮ್ಮೆಯೋ ಹೆಮ್ಮೆ. ಸರ್ವರ್ ಯಂತ್ರಕ್ಕೆ ಕಾಲು ಊದುವುದಿಲ್ಲ ಎಂಬುದೊಂದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

ಮೊನ್ನೆ ದವಾಖಾನೆಯ ಬೆಂಚಿನ ಮೇಲೆ ಅವಳು ಚಪ್ಪಲಿ ಬಿಟ್ಟು ಕೂತಳು. ತಿರುಗಾಟ ನಿಲ್ಲಿಸದಿದ್ದರೆ ಈ ಬಸಿರೂ ನಿಲ್ಲುವುದು ಕಷ್ಟ ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು. ನಾನೋ, ಅಭ್ಯಾಸಬಲದಿಂದ, "ಬಳಿ ಅಂಗಡಿಗೆ ಹೋಗಿ ಬರೂಣೇನು?" ಎಂದೆ.

"ಅಕ್ಕಾ, ಬಸರಾಗಿ ದಣದಿಲ್ಲ ನಾ. ಮುಚ್ಚಿಟ್ಟು ಮುಚ್ಚಿಟ್ಟು ದಣದೀನಿ," ಎಂದವಳೇ ಫೋನು ತೆಗೆದು ಅತ್ತೆಗೆ ಎಲ್ಲ ಹೇಳಿಬಿಟ್ಟಳು.

ಅತ್ತೆಯ ದನಿ ನನಗೂ ಕೇಳಿತು: "ಅಲ್ಲೇ ಕುಂದ್ರು, ಬಸ್ಸಿಗೆ ಬರಬ್ಯಾಡ. ಗಾಡಿ ಮಾಡ್ಕೊಂಡು ನಾನ ಬರ್ತೀನಿ. ಯಾರರೆ ಕೇಳಿದ್ರ ನಾ ಹೇಳ್ತೀನಿ, ನೀ ಬಾಯಿ ಬಿಡಬ್ಯಾಡ."

ಶೋಭಾ ಕಾಲು ಚಾಚಿ ಗೋಡೆಗೆ ಒರಗಿದಳು. ಅವಳ ಪರವಾಗಿ ಉತ್ತರ ಹೇಳುವವರೊಬ್ಬರು ಇದ್ದಿದ್ದರೆ ಸಾಕಿತ್ತು. ನಾನು ಅವಳನ್ನು ಊರೆಲ್ಲ ತಿರುಗಿಸಿದೆ.