ಮಣ್ಣಿಗೆ ಒಯ್ಯದ ಚೀಲ

ಮಗಳ ಚೀಲವನ್ನು ದಿನಾ ಬೆಳಿಗ್ಗೆ ನಾನೇ ತುಂಬುತ್ತಿದ್ದೆ. ಊಟದ ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟು, ಹಿಂದಿನ ದಿನದ್ದನ್ನೆಲ್ಲ ಅದರಲ್ಲಿ ಸುರಿದು, ಒಂದೊಂದಾಗಿ ನೋಡಿ ಮತ್ತೆ ಒಳಗಿಡುವುದು. ಮೊದಲು ಉಬ್ಬಸದ ನೀಲಿ ಪಂಪು. ಅದನ್ನು ಅಲ್ಲಾಡಿಸಿ, ಮುಚ್ಚಳ ತೆಗೆದು, ಮೂತಿಯಲ್ಲಿ ಕಸ ಸೇರಿದೆಯೇ ಎಂದು ನೋಡಿ ಹೊರಗಿನ ಖಾನೆಗೆ ಹಾಕುತ್ತಿದ್ದೆ. ನೋಡದೆ ಕೈ ಹಾಕಿದರೂ ಸಿಗಬೇಕು. ಆಮೇಲೆ ಹೆಬ್ಬೆರಳುದ್ದದ ಟಾರ್ಚು, ಗಾಯಕ್ಕೆ ಹಚ್ಚುವ ಪಟ್ಟಿ, ಓಆರ್‌ಎಸ್ ಪೊಟ್ಟಣ, ಎರಡು ಶೇಂಗಾ ಚಿಕ್ಕಿ, ಪಿನ್ನುಗಳು, ಪವರ್ ಬ್ಯಾಂಕು, ಒಂದು ಸೀಟಿ. ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಚೀಟಿ: ರಕ್ತದ ಗುಂಪು, ಯಾವ ಮಾತ್ರೆ ಆಗಿಬರುವುದಿಲ್ಲ, ನನ್ನ ನಂಬರು. ಫೋನು ಸತ್ತುಹೋದರೆ ಈಗ ಯಾರಿಗೂ ಯಾರ ನಂಬರೂ ಬಾಯಿಗೆ ಬರುವುದಿಲ್ಲ.

“ಅಪ್ಪಾ, ನಾನು ಕರೂರಿಗೆ ಹೊಂಟೀನಿ. ಕಾರ್ಗಿಲ್‌ಗಲ್ಲ,” ಎನ್ನುತ್ತಿದ್ದಳು ಮಗಳು. ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ದಾವಣಗೆರೆಯ ಅಂಚಿನ ಶಾಮನೂರಿನ ಹೊಸ ಬಡಾವಣೆಯ ನಮ್ಮ ಮನೆಯಿಂದ ಅಲ್ಲಿಗೆ ಸ್ಕೂಟರಿನಲ್ಲಿ ಹೋಗಿಬರುತ್ತಾಳೆ.

“ಈ ಸೀಟಿ ಯಾಕ? ನನಗೇನು ರೆಫರಿ ಕೆಲಸ ಕೊಟ್ಟಾರಾ?”

“ಉಸಿರು ಹತ್ತಿದಾಗ ಕೂಗಕ್ಕಾಗಲ್ಲವ್ವ.”

“ಉಸಿರೇ ಇಲ್ದಾಗ ಸೀಟಿ ಊದಕ್ಕೂ ಆಗಲ್ಲ, ಸರ್.” ನನ್ನನ್ನು ಹಂಗಿಸುವಾಗ ಮಾತ್ರ ಅವಳಿಗೆ ನಾನು ಸರ್. ಅವಳು ಹೇಳಿದ್ದು ಸರಿಯೇ. ಆದರೂ ಸೀಟಿ ಚೀಲಕ್ಕೆ ಹೋಗುತ್ತಿತ್ತು.

ಚೀಲ ಅವಳ ತಾಯಿಯದು. ಮಂಡಿಪೇಟೆಯ ಅಂಗಡಿಯಲ್ಲಿ ಕೊಂಡ ಕಡುಹಸಿರು ಬಟ್ಟೆಯ ಚೀಲ, ಅಡ್ಡಲಾಗಿ ಹಾಕಿಕೊಂಡರೆ ಸೊಂಟಕ್ಕೆ ಬಂದು ಕೂರುತ್ತದೆ. ನನ್ನ ಹೆಂಡತಿಗೆ ಚಿಕ್ಕಂದಿನಿಂದ ಉಬ್ಬಸ. ಅದು ಮಗಳಿಗೂ ಬಂದಿದೆ. ಹೆಂಡತಿ ಅಗಸೆ ಬಾಗಿಲಿಗೆ ತರಕಾರಿ ತರಲು ಹೋದರೂ ಆ ಚೀಲ ಅವಳ ಮೈಮೇಲಿರುತ್ತಿತ್ತು. ಒಳಗೆ ಪಂಪು, ಸೂಜಿ ದಾರ, ಮೇಣದ ಬತ್ತಿ, ಕಲ್ಲುಸಕ್ಕರೆ, ವಿಭೂತಿಯ ಒಂದು ತುಂಡು. “ಯುದ್ಧ ಶುರುವಾದ್ರೆ ಸರ್ಕಾರ ನಿನ್ನತ್ರಾನೇ ಬರುತ್ತೆ,” ಎಂದು ನಾನು ನಗುತ್ತಿದ್ದೆ. “ಬೆರಳು ಕೊಯ್ಕೊಂಡಾಗ ಪಟ್ಟಿ ಎಲ್ಲೈತೆ ಅಂತ ಯಾರನ್ನ ಕೇಳ್ತೀರಿ? ಸರ್ಕಾರಾನಾ?” ಎನ್ನುತ್ತಿದ್ದಳು.

ನಾನು ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುತ್ತೇನೆ. ನೆನಪು ಬೀರುವಿನಲ್ಲಿಟ್ಟ ಫೋಟೊ ಅಲ್ಲ, ಕೇಳಿದಾಗಲೆಲ್ಲ ಹೊಸದಾಗಿ ಮಾಡುವ ಅಡುಗೆ; ನಿನ್ನೆಯ ರುಚಿ ಇವತ್ತು ಇರುವುದಿಲ್ಲ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ದೇವರು, ಜಾತಕ, ಹಿರಿಯರ ಕಥೆ, ಪತ್ರಿಕೆಯ ಸುದ್ದಿ, ಯಾವುದನ್ನೂ ಎರಡು ಸಲ ಕೇಳದೆ ನಾನು ನಂಬಿದವನಲ್ಲ. ನನ್ನದೇ ಮನೆಯ ಒಂದು ಬೆಳಗನ್ನು ಮಾತ್ರ ನಾಲ್ಕು ವರ್ಷ ಪ್ರಶ್ನಿಸದೆ ಬಿಟ್ಟೆ.

ಅವತ್ತು ಹರಿಹರದಲ್ಲಿ ನನ್ನ ಹೆಂಡತಿಯ ದೊಡ್ಡಪ್ಪ ತೀರಿಕೊಂಡಿದ್ದರು. ನಮ್ಮ ಜನ ಸತ್ತವರನ್ನು ಹೂಳುತ್ತಾರೆ. ಸಾವಿನ ಮನೆಗೆ ಹೋಗುವುದಕ್ಕೆ ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ನಮ್ಮಲ್ಲಿ ಸೂತಕವಿಲ್ಲ ಎಂದು ವೇದಿಕೆಯ ಮೇಲೆ ಜೋರಾಗಿ ಹೇಳುವ ಹಿರಿಯರೂ ಮಣ್ಣಿನಿಂದ ಬಂದರೆ ಸ್ನಾನ ಮಾಡದೆ ಹೊಸ್ತಿಲು ದಾಟುವುದಿಲ್ಲ. ಮೈಮೇಲಿದ್ದದ್ದು, ಕೈಯಲ್ಲಿದ್ದದ್ದು ಎಲ್ಲ ನೀರಿಗೆ ಬೀಳಬೇಕು. ಹಾಗಾಗಿ ಹೋಗುವಾಗ ಯಾರೂ ಹೆಚ್ಚಿನದೇನನ್ನೂ ಒಯ್ಯುವುದಿಲ್ಲ. ಬೀಗದ ಕೈಯನ್ನು ಎದುರು ಮನೆಯಲ್ಲಿ ಕೊಟ್ಟು ಹೋದರೆ, ಬರುವಷ್ಟರಲ್ಲಿ ಅವರು ಬಾಗಿಲು ತೆರೆದು ನೀರು ಕಾಯಿಸಿಟ್ಟಿರುತ್ತಾರೆ. ಚೀಲವನ್ನು ಮಣ್ಣಿಗೆ ಒಯ್ದರೆ ಅದರೊಳಗಿನ ಪ್ರತಿಯೊಂದನ್ನೂ ತೆಗೆದು, ತೊಳೆದು, ಒಣಗಿಸಿ ಮತ್ತೆ ತುಂಬಬೇಕು. ಅವತ್ತು ಬೀಗದ ಕೈಯ ಜೊತೆ ಚೀಲವೂ ಎದುರು ಮನೆಯಲ್ಲಿ ಉಳಿಯಿತು, ಪಂಪು ಒಳಗೇ ಇದ್ದ ಹಾಗೆ.

ಹರಿಹರದ ಆ ಮನೆಯ ಪಡಸಾಲೆಯಲ್ಲಿ ದೊಡ್ಡಪ್ಪನನ್ನು ಹೂವು ಕಟ್ಟಿ ಕೂರಿಸಿದ್ದರು. ಮುಂದೆ ಕಟ್ಟುಗಟ್ಟಲೆ ಊದುಬತ್ತಿ, ಕೆಂಡದ ಮೇಲೆ ಲೋಬಾನ. ಹೆಂಗಸರು ಒಳಗೆ, ಗಂಡಸರು ಹೊರಗೆ. ನಾನು ಓಣಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದೆ. ಒಬ್ಬರು ಬಂದು, “ನಿಮ್ಮ ಮನಿಯವ್ರಿಗೆ ಉಸಿರು ಹತ್ತೈತೆ, ಬರ್ರಿ ಲಗೂನ,” ಎಂದರು. ಅವಳನ್ನು ಹೊರಗೆ ತಂದು ಕಟ್ಟೆಯ ಮೇಲೆ ಕೂರಿಸಿದ್ದರು. ಮಾತು ಬರುತ್ತಿರಲಿಲ್ಲ. ನನ್ನನ್ನು ಕಂಡ ಕೂಡಲೇ ಕೈ ಚಾಚಿದಳು. ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಏನಾಗಲ್ಲ, ಏನಾಗಲ್ಲ” ಎಂದೆ. ಅವಳು ಕೈ ಬಿಡಿಸಿಕೊಂಡು ಮತ್ತೆ ಚಾಚಿದಳು. ನಾನು ಮತ್ತೆ ಹಿಡಿದೆ.

ಯಾರೋ ಔಷಧದ ಅಂಗಡಿಗೆ ಓಡಿದರು. ಶವಯಾತ್ರೆಗೆ ಸೇರಿದ ಜನ ಓಣಿಯನ್ನೇ ತುಂಬಿದ್ದರಿಂದ ಆಟೋ ಒಳಗೆ ಬರಲಾಗಲಿಲ್ಲ. ಅವಳನ್ನು ಕುರ್ಚಿಯ ಸಮೇತ ಎತ್ತಿಕೊಂಡು ರಸ್ತೆಗೆ ಹೋದೆವು. ಮೂರು ದಿನ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಳು. ಕಣ್ಣು ತೆರೆಯಲಿಲ್ಲ.

ಮಾತಾಡಿಸಲು ಬಂದವರೆಲ್ಲ ಕೇಳಿದ ಮೊದಲ ಪ್ರಶ್ನೆ ಒಂದೇ: “ಪಂಪ್ ಇರಲಿಲ್ವೇನ್ರಿ?” ನಾನು ಹೇಳಿದ ಉತ್ತರವೂ ಒಂದೇ. ಮಣ್ಣಿಗೆ ಒಯ್ಯಬಾರದೆಂದು ಅವಳೇ ಚೀಲ ಬಿಟ್ಟುಬಂದಿದ್ದಳು. ಎಷ್ಟು ಸಲ ಹೇಳಿದೆನೋ, ಅಷ್ಟೂ ಸಲ ಅದು ಸ್ಪಷ್ಟವಾಗುತ್ತ ಹೋಯಿತು. ಅವಳು ಗೇಟು ದಾಟಿ ಎದುರು ಮನೆಗೆ ಹೋಗುವುದು, ಚೀಲವನ್ನು ತಲೆಯ ಮೇಲಿಂದ ತೆಗೆಯುವುದು, ಸೆರಗು ಸರಿಮಾಡಿಕೊಳ್ಳುವುದು, ಎಲ್ಲವೂ ನನ್ನ ಕಣ್ಣ ಮುಂದೆ ಇತ್ತು.

ಮಗಳು ಅದನ್ನು ನಂಬಿದಳು. ನಂಬಿ ತಾಯಿಯ ಮೇಲೆ ಸಿಟ್ಟಾದಳು. ಅವಳ ಸಿಟ್ಟು ಅಳುವಿನ ಹಾಗೆ ಬೇಗ ಮುಗಿಯುವಂಥದ್ದಲ್ಲ. ತಾಯಿಯ ಪೂಜೆಯ ಸಾಮಾನುಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ವರ್ಷದ ಎಡೆಯ ದಿನ ರಜೆ ಹಾಕುತ್ತಿರಲಿಲ್ಲ. “ಎಲ್ಲಾ ಗೊತ್ತಿದ್ದು, ಒಂದು ಶಾಸ್ತ್ರಕ್ಕೋಸ್ಕರ ನನ್ನ ಬಿಟ್ಟು ಹೋದ್ಲು,” ಎಂದು ಒಮ್ಮೆ ಅಂದಿದ್ದಳು. ಶಾಸ್ತ್ರದ ಮೇಲೆ ಸಿಟ್ಟಾಗುವುದು ನನ್ನ ಸ್ವಭಾವಕ್ಕೂ ಹೊಂದುತ್ತಿತ್ತು.

ಈ ವರ್ಷ ಹರಿಹರದ ದೊಡ್ಡಮ್ಮ ಹೋದರು. ಅದೇ ಮನೆ. ಬೇಡವೆಂದರೂ ಮಗಳು ಬರುತ್ತೇನೆಂದಳು. “ಚೀಲ ತಗೊಂಡೇ ಬರೋದು. ವಾಪಸ್ ಬಂದು ಒಗೆಯೋದು ನೀವು,” ಎಂದಳು. ಒಪ್ಪಿಕೊಂಡು ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡೆ. ಅವಳು ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಹಿಂದೆ ಕೂತಳು. ಬೀಗದ ಕೈ ಕೊಡಲು ಎದುರು ಮನೆಯ ಗೇಟಿಗೆ ಹೋದೆ. ಆ ಮನೆಯ ಹೆಂಗಸು ಬಟ್ಟೆ ಹೊಲಿಯುವವರು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಹೊರಗೆ ಬಂದರು.

“ಈ ಸಲ ಬ್ಯಾಗ್ ತಗೊಂಡು ಹೊಂಟ್ರಾ? ಒಳ್ಳೇದಾತು ಬಿಡ್ರಿ. ಆ ಸಲ ನೀವು ತಂದು ನನ್ನ ಕೈಗೆ ಕೊಟ್ರಿ ನೋಡ್ರಿ.”

“ನಾನಲ್ಲ. ಅವಳು ಕೊಟ್ಟಿದ್ದು.”

“ಇಲ್ಲ ಸರ್. ಅಕ್ಕಾರು ಗಾಡಿ ಮ್ಯಾಲೆ ಕೂತಿದ್ರು. ನೀವು ಇಲ್ಲೇ ಬಂದು, ‘ಇದು ಬ್ಯಾಡ ಅಂದ್ರೂ ಕೇಳಲ್ಲ, ಆಮೇಲೆ ಎಲ್ಲಾ ಒಗಿಬೇಕು, ಇಟ್ಕೊಳ್ರಿ’ ಅಂದ್ರಿ. ಅಕ್ಕಾರು ಅಲ್ಲಿಂದ, ‘ಪಂಪ್ ತೆಕ್ಕೊಂಡ್ರೇನ್ರಿ?’ ಅಂತ ಕೇಳಿದ್ರು. ನೀವು ಹ್ಞೂಂ ಅಂದ್ರಿ.”

ನನ್ನ ಮೊದಲ ಮಾತು ಏನಾಗಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ. “ಅವತ್ತಿನ ಗಾಡಿ ಯಾವ ಬಣ್ಣ ಇತ್ತು?” ಎಂದು ಕೇಳಿದೆ.

“ಕೆಂಪು.”

ನಮ್ಮದು ಆಗಲೂ ಬೂದು ಬಣ್ಣದ ಗಾಡಿಯೇ. “ನೋಡಿ,” ಎಂದೆ. ಅವರು ಪಾಪ ಗಾಬರಿಯಾದರು. “ಹಂಗಾದ್ರೆ ನನಗೆ ಸರಿ ನೆನಪಿಲ್ವೇನೋ. ನಿಮಗೆ ಗೊತ್ತೇ ಇರುತ್ತಲ್ಲ, ನಾನ್ಯಾಕೆ ಹೇಳ್ಲಿ ಅಂತ ಇಷ್ಟು ದಿನ ಸುಮ್ನಿದ್ದೆ,” ಎಂದು ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು. ತಿರುಗಿದರೆ ಮಗಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು.

ದಾವಣಗೆರೆ ದಾಟಿದ ಮೇಲೆ ಮಗಳು ಹಿಂದಿನಿಂದ ಅಂದಳು: “ಗಾಡಿ ಬಣ್ಣ ತಪ್ಪಾದ್ರೆ ಉಳಿದಿದ್ದೆಲ್ಲಾ ತಪ್ಪೇನಪ್ಪಾ?”

ಗಾಳಿಯಲ್ಲಿ ಕೇಳಿಸದವನ ಹಾಗೆ ಗಾಡಿ ಓಡಿಸಿದೆ. ತಲೆಯೊಳಗೆ ಮಾತ್ರ ವಾದ ನಡೆದಿತ್ತು. ಆ ಹೆಂಗಸು ಸುಳ್ಳು ಹೇಳುವವರಲ್ಲ. ಆದರೆ ಸತ್ಯವಂತರ ನೆನಪೂ ತಪ್ಪುತ್ತದೆ. ನಾನೇ ಪಾಠ ಮಾಡಿಲ್ಲವೇ? ಬಣ್ಣ ತಪ್ಪಿದೆ. ಹಾಗಿದ್ದರೆ ಮಾತೂ ತಪ್ಪಿರಬಹುದು. ಹಾಗಿದ್ದರೆ ನನ್ನ ನೆನಪು ಮಾತ್ರ ಯಾಕೆ ಸರಿಯಿರಬೇಕು? ಗೇಟು ದಾಟಿ ಹೋಗುವ ಹೆಂಡತಿಯನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಸೀರೆ ಯಾವ ಬಣ್ಣದ್ದು? ಒಮ್ಮೆ ಬಿಳಿ ಕಂಡಿತು, ಇನ್ನೊಮ್ಮೆ ನಸುನೀಲಿ. ಹರಿಹರ ಬರುವ ಹೊತ್ತಿಗೆ ಸೀರೆಯೂ ಇರಲಿಲ್ಲ, ಮುಖವೂ ಇರಲಿಲ್ಲ.

ಅದೇ ಪಡಸಾಲೆ, ಅದೇ ಲೋಬಾನ. ಮಗಳು ದೊಡ್ಡಮ್ಮನಿಗೆ ಹೂವು ಹಾಕಿ ಬರುತ್ತೇನೆಂದು ಒಳಗೆ ಹೋದಳು. ನಾನು ಈ ಸಲ ಬಾಗಿಲಲ್ಲೇ ನಿಂತಿದ್ದೆ. ಐದು ನಿಮಿಷವಾಗಿರಲಿಲ್ಲ, ಕೆಮ್ಮುತ್ತ ಹೊರಗೆ ಬಂದಳು. ಮಾತು ಹೊರಡುತ್ತಿರಲಿಲ್ಲ. ನನ್ನ ಕಡೆಗೆ ಕೈ ಚಾಚಿದಳು, ಅಂಗೈ ಮೇಲೆ ಮಾಡಿ.

ಹೊರಗಿನ ಖಾನೆಯಿಂದ ಪಂಪು ತೆಗೆದು ಆ ಅಂಗೈಯಲ್ಲಿಟ್ಟೆ. ಅವಳು ಎಳೆದುಕೊಂಡಳು, ಉಸಿರು ಹಿಡಿದಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ಅವಳ ಮುಖಕ್ಕೆ ಬಣ್ಣ ಮರಳುವವರೆಗೆ ನಾನು ನೋಡುತ್ತ ನಿಂತಿದ್ದೆ. ಆಮೇಲೆ ಅದೇ ಕಟ್ಟೆಯ ಮೇಲೆ ಕೂತೆ.

ಆಸರೆಗೆ ಕೈ ಹಿಡಿಯುವವರು ಹಾಗೆ ಚಾಚುವುದಿಲ್ಲ. ಅಂಗೈ ಮೇಲೆ ಮಾಡಿ ಚಾಚುವುದು ಏನನ್ನಾದರೂ ಕೊಡಿ ಎಂದು ಕೇಳುವಾಗ. ನನ್ನ ಹೆಂಡತಿಯೂ ಅವತ್ತು ಹಾಗೇ ಎರಡು ಸಲ ಚಾಚಿದ್ದಳು. ಪಂಪು ನನ್ನ ಹತ್ತಿರ ಇದೆ ಎಂದು ನಂಬಿದ್ದಳು. ಯಾಕೆ ನಂಬಿದ್ದಳು? ಅವಳು ಕೇಳಿದ್ದಳು, ನಾನು ಹ್ಞೂಂ ಎಂದಿದ್ದೆ. ನಾನು ಎರಡು ಸಲವೂ ಆ ಖಾಲಿ ಅಂಗೈಯನ್ನು ನನ್ನ ಕೈಯಿಂದ ಮುಚ್ಚಿದೆ.

ಇದೂ ಇವತ್ತು ಮಾಡಿದ ಅಡುಗೆ ಇರಬಹುದು ಎಂದು ನನ್ನೊಳಗಿನ ಅಧ್ಯಾಪಕ ಹೇಳಿದ. ಇರಬಹುದು. ಅವನ ಜೊತೆ ವಾದ ಮಾಡುವ ಶಕ್ತಿ ನನಗಿರಲಿಲ್ಲ.

ಮಣ್ಣು ಮುಗಿದ ಮೇಲೆ, ಗಾಡಿ ನಿಲ್ಲಿಸಿದ್ದ ಬೇವಿನ ಮರದ ಕೆಳಗೆ ಮಗಳಿಗೆ ಹೇಳಿದೆ. ಅಂಗೈಯ ವಿಷಯ, ಎದುರು ಮನೆಯವರು ಹೇಳಿದ್ದು ನಿಜವಿರಬೇಕು ಎನ್ನುವುದು, ಒಗೆಯುವ ಕೆಲಸ ಉಳಿಸಲು ಹೋಗಿ ಚೀಲ ಬಿಡಿಸಿದವನು ನಾನೇ ಇರಬೇಕು ಎನ್ನುವುದು.

“ಇರಬೇಕು ಅಂದ್ರೆ?”

“ನನಗೆ ನೆನಪಿಲ್ಲವ್ವ. ನೆನಪಿರೋದು ಅವಳು ಕೊಟ್ಟಿದ್ದೇ. ಆದ್ರೆ ಆ ನೆನಪನ್ನ ನಾನೇ ಮಾಡ್ಕೊಂಡಿದ್ದೀನಿ ಅನ್ಸುತ್ತೆ.”

ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿದಳು, ಸಡಿಲ ಮಾಡಿದಳು. “ನಿಮ್ದು ಮರ್ತು ಹೋಗಿದ್ದು. ಅದು ಹೋಗ್ಲಿ,” ಎಂದಳು. “ನಾನು ನಾಲ್ಕು ವರ್ಷ ಅಮ್ಮನ ಮ್ಯಾಲೆ ಸಿಟ್ಟಾಗಿದ್ನಲ್ಲಪ್ಪ. ಅದನ್ನ ಈಗ ಎಲ್ಲಿಗೆ ಒಯ್ದು ಹಾಕ್ಲಿ?”

ಚೀಲವನ್ನು ಹೆಗಲಿಗೆ ಹಾಕಿಕೊಂಡು ಗಾಡಿ ತಿರುಗಿಸಿದೆ.

ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ನೀರು ಕಾದಿತ್ತು. ಮಗಳು ಸ್ನಾನ ಮಾಡಿ ಒಳಗೆ ಹೋದಳು. ನಾನು ಅಂಗಳದ ಕಲ್ಲಿನ ಹತ್ತಿರ ಕೂತು ಚೀಲವನ್ನು ತಟ್ಟೆಗೆ ಸುರಿದೆ. ಟಾರ್ಚು ಒರೆಸಿದೆ, ಪಿನ್ನುಗಳನ್ನು ತೊಳೆದೆ, ಪಂಪಿನ ಮೂತಿಯನ್ನು ಕಳಚಿ ಬಿಸಿನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿದೆ. ಚೀಲವನ್ನು ಸೋಪು ಹಚ್ಚಿ ಹಿಂಡಿ ತಂತಿಗೆ ಹಾಕಿದೆ. ಗಡಿಯಾರ ನೋಡಿದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಒಳಗೆ ಅಟ್ಟದಿಂದ ರಟ್ಟಿನ ಡಬ್ಬ ಎಳೆಯುವ ಸದ್ದು ಕೇಳಿಸಿತು.

ಮರುದಿನ ನಾನು ಏಳುವಷ್ಟರಲ್ಲಿ ಮಗಳು ಹೊರಟು ನಿಂತಿದ್ದಳು. ಚೀಲವನ್ನು ತಾನೇ ತುಂಬಿಕೊಂಡಿದ್ದಳು. ಮೇಜಿನ ಮೇಲಿನ ತಟ್ಟೆಯಲ್ಲಿ ಸೀಟಿಯೊಂದೇ ಉಳಿದಿತ್ತು.

“ಪಂಪ್ ತಗೊಂಡಿಯೇನವ್ವ?” ಎಂದು ಕೇಳಿದೆ.

ಅವಳು ಹ್ಞೂಂ ಎನ್ನಲಿಲ್ಲ. ಬಾಗಿಲಲ್ಲಿ ನಿಂತು, ಹೊರಗಿನ ಖಾನೆಗೆ ಕೈ ಹಾಕಿ, ಪಂಪನ್ನು ಹೊರಗೆ ತೆಗೆದು ನನಗೆ ತೋರಿಸಿದಳು. ಮತ್ತೆ ಒಳಗಿಟ್ಟು, ಜಿಪ್ಪು ಎಳೆದುಕೊಂಡು ಹೋದಳು.