ಪದ್ಮವ್ವ ವೈನಿಯ ಎರಡು ಅಷ್ಟಮಿ

ತೇರದಾಳ, ಗುರುವಾರ, ೨೧ ಜುಲೈ ೧೯೩೮. ಬೆಳಗಿನಿಂದ ಮೋಡ ಕವಿದಿತ್ತು. ಪಡುವಣ ಗಾಳಿ ಜೋರು. ಹತ್ತು ಗಂಟೆಗೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ ತುಂತುರು ಹನಿದು, ಅಂಗಳದ ಧೂಳು ನೆನೆಯುವಷ್ಟರಲ್ಲಿ ನಿಂತಿತು. ಸಂಜೆ ಐದರ ಸುಮಾರಿಗೆ ಬಿಸಿಲು ಕಂಡಿತು.

ಇಂದು ಮನೆಗೆ ಬನಹಟ್ಟಿಯ ಬೀಗರು ಬರುವವರಿದ್ದರು. ಅಣ್ಣ ಪಾರಿಸಪ್ಪನ ಮಗಳು ಸುಮನಳನ್ನು ಎರಡು ವರ್ಷದ ಹಿಂದೆ ಅಲ್ಲಿಯ ನೂಲಿನ ವ್ಯಾಪಾರಿ ರಾವಸಾಹೇಬರ ಮಗನಿಗೆ ಕೊಟ್ಟಿದೆ. ಆಷಾಢಕ್ಕೆ ತವರಿಗೆ ಬಂದಿದ್ದ ಅವಳನ್ನು ಕರೆದೊಯ್ಯಲು ಅತ್ತೆ ಮಹಾದೇವಿಯವರೂ ಮಾವನವರೂ ತಾವೇ ಹೊರಟಿದ್ದಾರೆಂದು ಸೋಮವಾರ ಕಾರ್ಡು ಬಂದಿತ್ತು. ನಾಗರಪಂಚಮಿಗೆ ಉಳಿದಿದ್ದುದು ಹನ್ನೊಂದು ದಿನ. ಹೋದ ವರ್ಷದ ಪಂಚಮಿಯನ್ನೂ ಸುಮನ ಗಂಡನ ಮನೆಯಲ್ಲೇ ಕಳೆದಿದ್ದಳು. ಕಾರಣ ಸರಳ: ಮಹಾದೇವಿಯವರ ಮೂವರು ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುತ್ತಾರೆ, ಅವರಿಗೆ ಉಂಡಿ ಕಟ್ಟಲು ಮನೆಯಲ್ಲಿ ಸೊಸೆ ಬೇಕು.

ಅವರ ಮಕ್ಕಳು ತವರಿನಲ್ಲಿ ಜೋಕಾಲಿ ಆಡಲೆಂದು ತನ್ನ ಮಗಳು ತವರು ಬಿಡಬೇಕೆನ್ನುವ ಈ ನ್ಯಾಯಕ್ಕೆ ಪದ್ಮವ್ವ ವೈನಿಯ ಒಪ್ಪಿಗೆ ಇರಲಿಲ್ಲ. ಅವರು ಅಣ್ಣನ ಹೆಂಡತಿ, ಸುಮನಳ ತಾಯಿ. ಈ ಸಲ ಮಗಳನ್ನು ಪಂಚಮಿ ಮುಗಿಯುವವರೆಗೆ ಕಳಿಸಬಾರದೆಂದು ಅವರು ಮನಸ್ಸಿನಲ್ಲಿ ನಿಶ್ಚಯಿಸಿದ್ದರು. ಬೀಗರೊಡನೆ ಜಗಳವಾಡುವಂತಿಲ್ಲ, ಉಣಿಸಬಹುದು.

“ಹೊಟ್ಟಿ ತುಂಬಿದಾಕಿ ಬಾಯಿಂದ ಒಲ್ಲೆ ಅನ್ನೂ ಮಾತು ಲಗೂನ ಹೊರಡೂದಿಲ್ಲ” ಎಂಬುದು ಅವರ ರಾಜನೀತಿ.

ವೈನಿಗೆ ಈಗ ಐವತ್ನಾಲ್ಕು. ಚಿಕ್ಕಪಡಸಲಗಿಯಿಂದ ಹನ್ನೆರಡನೆಯ ವಯಸ್ಸಿನಲ್ಲಿ ಈ ಮನೆಗೆ ಬಂದಾಗ ನನಗೆ ಏಳು. ನನಗೆ ತುತ್ತು ಮಾಡಿ ಉಣಿಸಿದವರು ಅವರೇ. ಜಮಖಂಡಿಯ ಕಚೇರಿಯಲ್ಲಿ ನಾಲ್ಕು ಜನ ನನ್ನನ್ನು ಸಾಹೇಬ ಎನ್ನುವುದು ಅವರ ಕಿವಿಗೆ ಇನ್ನೂ ಬಿದ್ದಂತಿಲ್ಲ; ಅವರಿಗೆ ನಾನು ಈಗಲೂ ಅಪ್ಪಾಜಿ. ಓದುಬರಹ ಅವರಿಗೆ ಬಾರದು. ತಿಥಿಯ ಲೆಕ್ಕಕ್ಕೆ ದೇವರ ಗೂಡಿನಲ್ಲಿ ಎರಡು ಬಟ್ಟಲು ಇಟ್ಟಿದ್ದಾರೆ. ಹುಣ್ಣಿಮೆಯ ಮರುದಿನದಿಂದ, ಅಮಾವಾಸ್ಯೆಯ ಮರುದಿನದಿಂದ, ದಿನಕ್ಕೊಂದು ಜೋಳದ ಕಾಳು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಬೀಳುತ್ತದೆ. ಅಷ್ಟಮಿ, ಚತುರ್ದಶಿಗಳಂದು ನಮ್ಮ ಜೈನರ ಮನೆಗಳಲ್ಲಿ ಹಸಿರು ಕಾಯಿಪಲ್ಲೆ ತಿನ್ನುವುದಿಲ್ಲವಾದ್ದರಿಂದ ಆ ಕಾಳುಗಳ ಮೇಲೆ ಇಡೀ ಮನೆಯ ಊಟ ನಿಂತಿರುತ್ತದೆ. ನಿನ್ನೆ ಎಂಟನೆಯ ಕಾಳು ಬಿದ್ದಿತ್ತು. ಬೇಳೆ, ರೊಟ್ಟಿ, ಶೇಂಗಾ ಚಟ್ನಿ ತಿಂದು ಎಲ್ಲರೂ ಅಷ್ಟಮಿ ಮಾಡಿದ್ದೆವು.

ಆದ್ದರಿಂದ ಇಂದು ಬೆಳಿಗ್ಗೆ ಕಾಯಿಪಲ್ಲೆ ಮಾರುವ ಯಲ್ಲವ್ವ ಬುಟ್ಟಿ ಹೊತ್ತು ಬಂದಾಗ ವೈನಿ ಕೈ ಬಿಗಿಹಿಡಿಯಲಿಲ್ಲ. ಹೀರೇಕಾಯಿ, ಎಳೆಯ ಚವಳಿಕಾಯಿ, ಬೆಂಡೆಕಾಯಿ, ಸವತೆಕಾಯಿ ಕೊಂಡರು. ಚಾತುರ್ಮಾಸದಲ್ಲಿ ಸೊಪ್ಪು ನಡೆಯದು. ಆ ಕೊರತೆಯನ್ನು ಕಾಯಿಗಳಿಂದಲೇ ತುಂಬಬೇಕೆಂದು ಅವರ ಎಣಿಕೆ. ಎಂಟು ಗಂಟೆಗೆ ನೀರು ಸೋಸಿ ಆಗಿತ್ತು, ಹೋಳಿಗೆಯ ಬೇಳೆ ಒಲೆಯ ಮೇಲಿತ್ತು; ತಾಯಿ ಮಗಳು ಸೇರಿ ಕಾಯಿಗಳನ್ನೆಲ್ಲ ಹೆಚ್ಚಿ, ಎರಡು ಹಿತ್ತಾಳೆ ಬೋಗುಣಿಗಳಲ್ಲಿ ತುಂಬಿ, ಬಿಳಿಯ ಅರಿವೆ ಮುಚ್ಚಿದ್ದರು.

ಆಗ ನಾನು ದಿನಚರಿಯಲ್ಲಿ ತಿಥಿ ಬರೆಯಲೆಂದು ಗೂಟಕ್ಕೆ ತೂಗಿದ್ದ ಪಂಚಾಂಗ ತೆಗೆದೆ. ಗುರುವಾರದ ಮುಂದೆ ದಪ್ಪಕ್ಷರದಲ್ಲಿ ಅಷ್ಟಮಿ ಎಂದಿತ್ತು. ಅದನ್ನು ಗಟ್ಟಿಯಾಗಿ ಓದಿದೆ. ಓದಬೇಕಾದ ಅಗತ್ಯವಿರಲಿಲ್ಲ.

“ಅಷ್ಟಮಿ ನಿನ್ನೆ ಆತಲ್ಲೋ ಅಪ್ಪಾಜಿ” ಎಂದರು ವೈನಿ.

“ನಿಮ್ಮ ಕಾಳಿನ ಲೆಕ್ಕ ತಪ್ಪೇತ್ರಿ ವೈನಿ. ಇದರಾಗ ಅಚ್ಚ ಹಾಕ್ಯಾರ, ನೋಡ್ರಿ.”

“ಅಚ್ಚು ನನಗ ತೋರಿಸಿ ಏನ ಮಾಡತಿ? ಎಮ್ಮಿಗೆ ತೋರಿಸು, ಅದೂ ಹಿಂಗ ನೋಡತೈತಿ. ಬಸ್ತಿಗೆ ಹೋಗಿ ಉಪಾಧ್ಯಾರನ್ನ ಕೇಳಿ ಬಾ.”

ತಿಥಿಗಳು ಕ್ಷಯವಾಗುತ್ತವೆ, ವೃದ್ಧಿಯಾಗುತ್ತವೆ, ಜೋಳದ ಕಾಳುಗಳು ಹಾಗೆ ಆಗುವುದಿಲ್ಲ ಎಂದು ನಾನು ವಿವರಿಸಿದೆ; ಅಚ್ಚಾದದ್ದಕ್ಕೆ ಬಸದಿಯ ಉಪಾಧ್ಯೆಯವರ ಸಾಕ್ಷಿ ಬೇಡವೆಂದೂ ಹೇಳಿದೆ. ವೈನಿ ಅಣ್ಣನ ಕಡೆ ನೋಡಿದರು. ಅಣ್ಣ ಪಾರಿಸಪ್ಪ ಯಾವ ಪಂಚಾಯತಿಯಲ್ಲೂ ಬಾಯಿ ತೆರೆದವನಲ್ಲ.

“ಎರಡ ದಿನ ಅಷ್ಟಮಿ ಮಾಡಿದರ ಪಾಪ ಬರೂದಿಲ್ಲ. ಅಷ್ಟಮಿ ದಿನ ಬೀಗರಿಗೆ ಹೀರಿಕಾಯಿ ಬಡಿಸಿದರ ಏನ ಬರತೈತಿ, ನೀನ ವಿಚಾರ ಮಾಡು” ಎಂದಷ್ಟೇ ಹೇಳಿ ಎಮ್ಮೆಗೆ ನೀರು ಕುಡಿಸಲು ಹೋದ.

ಏನು ಬಂದೀತೆಂಬುದು ಎಲ್ಲರಿಗೂ ಗೊತ್ತಿತ್ತು. ವ್ರತನೇಮದಲ್ಲಿ ಮಹಾದೇವಿಯವರು ಬನಹಟ್ಟಿಗೆಲ್ಲ ಹೆಸರಾದವರು. ವೈನಿ ಎರಡೂ ಬೋಗುಣಿ ಎತ್ತಿಕೊಂಡು ಹಿತ್ತಿಲ ಗೋಡೆಯ ಕಿಂಡಿಗೆ ಹೋದರು. ಗೋಡೆಯಾಚೆ ಬಂಡಿ ಹೊಡೆಯುವ ಹುಲೆಪ್ಪನ ಮನೆ. ಅವನ ಹೆಂಡತಿ ಸಾತವ್ವನಿಗೂ ವೈನಿಗೂ ಮೂವತ್ತು ವರ್ಷದ ಗೆಳೆತನ. ಅದರ ಬಹುಭಾಗ ಆ ಕಿಂಡಿಯಲ್ಲೇ ಕಳೆದಿದೆ.

“ಇದೇನ ಪದ್ಮಕ್ಕ, ಬೀಗರು ನಿಮ್ಮ ಮನಿಗೆ ಬರತಾರೋ, ನಮ್ಮ ಮನಿಗೋ?” ಎಂದಳು ಸಾತವ್ವ.

“ಇವತ್ತ ಅಷ್ಟಮಿ ಅಂತ ಬೇ. ನಮ್ಮ ಕಾಲೇಜ ಹೇಳೇತಿ.” ಕಾಲೇಜು ಎಂದರೆ ನಾನು.

“ಇವತ್ತ? ನಿನ್ನೆ...” ಎಂದು ಏನನ್ನೋ ಶುರುಮಾಡಿದ ಸಾತವ್ವ ಅರಿವೆ ಸರಿಸಿ ಒಂದು ಬೋಗುಣಿಯೊಳಗೆ ಇಣುಕಿದಳು. ಉಳಿದ ಮಾತನ್ನು ನುಂಗಿಕೊಂಡಳು. “ಕಾಲೇಜ ಹೇಳಿದ ಮ್ಯಾಲೆ ಆತು ಬಿಡ. ಹೀರಿಕಾಯಿಗೆ ಬಳ್ಳೊಳ್ಳಿ ಹಾಕಲ್ಯಾ?”

“ನನ್ನ ಮುಂದ ಅದರ ಹೆಸರ ತಗೀಬ್ಯಾಡ. ಬೋಗೋಣಿ ಮಾತ್ರ ತೊಳದ ಕೊಡು.”

ಹಸಿಮೆಣಸಿನಕಾಯಿ, ನಿಂಬೆಹಣ್ಣು ಕೂಡ ಅದೇ ದಾರಿ ಹಿಡಿದವು. ನಂತರ ವೈನಿ ಕೈಗೆ ಸಿಕ್ಕ ಒಣ ಸಾಮಾನಿನಿಂದಲೇ ಅಡುಗೆ ಕಟ್ಟಿದ ರೀತಿ ನೋಡುವಂತಿತ್ತು. ಕಡಲೆಹಿಟ್ಟಿನ ಝುಣಕ, ಬೇಳೆ ಬಸಿದ ನೀರಿಗೆ ಒಣಕೊಬ್ಬರಿ ಹುರಿದು ಹಾಕಿ ಕಟ್ಟಿನ ಸಾರು, ಹಪ್ಪಳ, ಸಂಡಿಗೆ, ಹೋಳಿಗೆ, ತುಪ್ಪ. ನನ್ನ ಕಡೆ ಅವರು ಒಮ್ಮೆಯೂ ನೋಡಲಿಲ್ಲ. ಒಮ್ಮೆ ಮಾತ್ರ, ಒಲೆಯ ಹೊಗೆಯ ಕಡೆ ಮುಖ ಮಾಡಿ, “ಹೀರಿಕಾಯಿ ಎಳೇದಿತ್ತು” ಎಂದರು.

ಬೀಗರ ಬಂಡಿ ಮೂರೂವರೆಗೆ ಬಂತು. ಸೂರ್ಯ ಮುಳುಗುವ ಮೊದಲೇ ಎಲ್ಲರ ಊಟ ಮುಗಿಯಬೇಕಾದ್ದರಿಂದ ಉಪಚಾರದ ಮಾತು ಚುಟುಕಾಯಿತು. ರಾವಸಾಹೇಬರು, ಅಣ್ಣ, ನಾನು ಪಡಸಾಲೆಯಲ್ಲಿ ಕುಳಿತೆವು. ಮಹಾದೇವಿಯವರಿಗೆ ಅಡುಗೆಮನೆಯ ಬಾಗಿಲಿನ ಬಳಿ ಮಣೆ ಹಾಕಿತ್ತು. ಸುಮನ ಬಡಿಸಿದಳು. ತಾಟಿನಲ್ಲಿ ಹಳದಿ, ಕೆಂಪು, ಕಂದು, ಮೂರೇ ಬಣ್ಣ.

ಮಹಾದೇವಿಯವರು ತಾಟನ್ನು ಒಂದು ಸುತ್ತು ನೋಡಿದರು.

“ಬೀಗತ್ಯಾರ, ನಿಮ್ಮೂರಾಗ ಮಳಿ ಆಗೇತಲ್ರಿ?”

“ಆಗೇತ್ರಿ.”

“ಹಂಗಾರ ತಾಟಿನ್ಯಾಗ ಯಾಕ ಬರ ಬಿದ್ದೇತಿ?”

“ಇವತ್ತ ಅಷ್ಟಮಿ ಅಲ್ಲೇನ್ರಿ?” ಎಂದರು ವೈನಿ. ಆ ದನಿಯಲ್ಲಿ ಪ್ರಶ್ನೆ ತುಸು ಹೆಚ್ಚಾಗಿಯೇ ಇತ್ತು.

“ಅಷ್ಟಮಿ ನಿನ್ನೆ ಆತಲ್ರಿ ಯವ್ವಾ! ಸೂರ್ಯಾ ಹುಟ್ಟಿದ ಮ್ಯಾಲೆ ಆರ ಘಳಿಗಿ ಇದ್ದರ ಆ ತಿಥಿ ನಮಗ ಲೆಕ್ಕ. ಇವತ್ತ ಅಷ್ಟಮಿ ಇದ್ದದ್ದ ಒಂದ ಘಳಿಗಿ. ನಿನ್ನೆ ಪೂರಾ ದಿನ ಬ್ಯಾಳಿ ತಿಂದು, ಇವತ್ತ ಬೀಗರ ಮನಿಯಾಗ ನಾಕ ಕಾಯಿಪಲ್ಲೆ ಇರತಾವು ಅಂತ ಮುಂಜಾನೆ ಹೊಟ್ಟಿ ಖಾಲಿ ಇಟಗೊಂಡು ಬಂದೇನಿ ನಾ.”

ನಾನು ಎದ್ದು ಪಂಚಾಂಗ ನೋಡಲಿಲ್ಲ. ದಪ್ಪಕ್ಷರದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಘಳಿಗೆಯ ಅಂಕಿ ೧ ಎಂದು ಇದ್ದದ್ದು ಕೂತಲ್ಲೇ ನೆನಪಾಯಿತು. ಆರು ಘಳಿಗೆಯ ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಚಿಕ್ಕಂದಿನಲ್ಲಿ ಅದನ್ನು ಕಲಿಸಿದವರೂ ವೈನಿಯೇ.

ಮಹಾದೇವಿಯವರು ಹೋಳಿಗೆಯ ಅಂಚು ಮುರಿದು ಹಾಗೇ ಇಟ್ಟರು. “ತಿಥಿ ಗೊತ್ತಿಲ್ಲದ ಮನಿಯಾಗ ಸೊಸಿನ್ನ ಹೆಚ್ಚ ದಿನ ಬಿಟ್ಟರ ಹ್ಯಾಂಗ್ರಿ? ನಾಳಿ ಬೆಳಕ ಹರಿಯೂದರಾಗ ಹೊಂಡೂನು.” ಸುಮನಳ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. ಅದೇ ಹೊತ್ತಿಗೆ ಗೋಡೆಯಾಚೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಹೀರೇಕಾಯಿ ಪಲ್ಲೆಯ ವಾಸನೆ ಬಂದು ಊಟದ ಪಂಕ್ತಿಯ ಮೇಲೆ ನಿಂತಿತು.

ಅದರ ಹಿಂದೆಯೇ ಕಿಂಡಿಯಿಂದ ಸಾತವ್ವನ ದನಿ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಪದ್ಮಕ್ಕ, ಹೀರಿಕಾಯಿ, ಬೆಂಡಿಕಾಯಿ ಒಲಿ ಏರ್ಯಾವು. ಚವಳಿಕಾಯಿ, ಸವತಿಕಾಯಿ ನಿನ್ನ ಬೋಗೋಣ್ಯಾಗ ಹಂಗ ಅದಾವು. ಅರಿವಿ ಸೈತ ತಗದಿಲ್ಲ. ಬೇಕೇನ?”

“ಇವತ್ತ ಅಷ್ಟಮಿ ಅಲ್ಲಂತ ಬೇ! ಅಪ್ಪಾಜಿ ಪಂಚಾಂಗ ತಪ್ಪ ಓದ್ಯಾನ.”

“ನನಗ ಮುಂಜಾನೇನ ಗೊತ್ತಿತ್ತು. ನಿನ್ನೆ ಬಸ್ತಿಗೆ ಹೋಗೂ ಮಂದಿ ನನ್ನ ಬಾಗಿಲ ಮುಂದ ಹಾದಾರ, ನನಗ ಕಣ್ಣಿಲ್ಲೇನ?”

“ಗೊತ್ತಿದ್ದು ಸುಮ್ಮ ಇದ್ಯಾ, ನಿನ್ನ ಸುಡ್ಲಿ!”

“ಹೆಚ್ಚಿದ ಕಾಯಿಪಲ್ಲೆ ನಡಕೋತ ಮನಿಗೆ ಬಂದರ ಹೊಳ್ಳಿ ಕಳಸಾಕ ನಾ ಏನ ಹುಚ್ಚೀನ?”

ರಾವಸಾಹೇಬರು ನೀರು ಕುಡಿಯುತ್ತಿದ್ದವರು ಕೆಮ್ಮಿದರು. ವೈನಿ ಬೋಗುಣಿ ತಂದು ಬಾಗಿಲಲ್ಲಿ ನಿಂತರು. ಮಹಾದೇವಿಯವರ ಹುಬ್ಬು ಏರಿತು.

“ಅದು ಮಂದಿ ಅಡಿಗಿ ಮನಿಗೆ ಹೋಗಿ ಬಂದದ್ದಲ್ರಿ?”

“ಹೌದರಿ” ಎಂದರು ವೈನಿ. “ಭಾಂಡಿ ನಮ್ಮದು, ಅರಿವಿ ನಮ್ಮದು, ಕೈಯೂ ನಮ್ಮದು. ಒಂದ ಸ್ವಲ್ಪ ಹೊತ್ತ ಮಂದಿ ಮನಿಯಾಗ ಇದ್ದು ತವರಿಗೆ ಬಂದಾವು. ತವರಿಗೆ ಬಂದದ್ದಕ್ಕ ದೋಷ ಹಿಡಿತಾರೇನ್ರಿ?”

ಮಹಾದೇವಿಯವರ ತುಟಿಯ ಒಂದು ಮೂಲೆ ಮೊದಲು ಅಲುಗಿತು. ಆಮೇಲೆ ಅವರು ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟರು. “ಸೋಸಿದ ನೀರಿಲೆ ತೊಳದು ಹಾಕ್ರಿ” ಎಂದರು.

ಚವಳಿಕಾಯಿ ಪಲ್ಲೆ ಆಗುವವರೆಗೆ ನಾವು ಹೋಳಿಗೆ ತಿಂದೆವು. ಮಹಾದೇವಿಯವರು ಪಲ್ಲೆಯನ್ನು ಮೂರು ಸಲ, ಸವತೆಕಾಯಿ ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡರು. ಅವರು ಕೈತೊಳೆದು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಿರುವಾಗ ವೈನಿ ಎದುರಿಗೆ ಬಂದು ಕುಳಿತರು.

“ಬೀಗತ್ಯಾರ, ನಿಮ್ಮ ಲೆಕ್ಕದ ಪ್ರಕಾರ ನಂದ ಒಂದ ಅಷ್ಟಮಿ ಹೆಚ್ಚಾಗೇತ್ರಿ. ಅದರ ಪುಣ್ಯೆ ನೀವ ಇಟಗೋರಿ. ಬದಲಿಗೆ ಸುಮನನ್ನ ಪಂಚಮಿ ತನಕ ಬಿಡ್ರಿ.”

“ಈಗ ಚವಳಿಕಾಯಿ ಮಾಡಿದಿರಿ. ಪುಣ್ಯೆ ಎಲ್ಲಿ ಉಳೀತು?”

“ಮಾಡೇನಿ, ತಿಂದಿಲ್ರಿ. ನನ್ನ ಊಟ ಇನ್ನೂ ಆಗಿಲ್ಲ. ಝುಣಕ ರೊಟ್ಟಿ ತಿಂತೇನಿ. ನನ್ನ ಅಷ್ಟಮಿ ಇನ್ನೂ ಮುಕ್ಕಾಗಿಲ್ಲ.”

“ಮಾಲು ಚೊಕ್ಕ ಐತಿ, ತಗೋ” ಎಂದರು ಪಡಸಾಲೆಯಿಂದ ರಾವಸಾಹೇಬರು.

ಮಹಾದೇವಿಯವರು ಗಂಡನ ಕಡೆ ತಿರುಗಿಯೂ ನೋಡಲಿಲ್ಲ. “ಪುಣ್ಯೆ ಕಟಗೊಂಡು ಏನ ಮಾಡಲಿ? ಮೂರ ಹೆಣ್ಣಮಕ್ಕಳು ಬರತಾರ. ಉಂಡಿ ಯಾರ ಕಟ್ಟತಾರ? ಪುಣ್ಯೆ ಕಟ್ಟತೈತೇನ?”

“ಉಂಡಿ ನಾ ಕಟ್ಟಿ ಕಳಸತೇನ್ರಿ. ಮೂರ ನಮೂನಿ.”

“ಐದ. ಒಂದೊಂದು ಐವತ್ತ.”

“ನಾಕ. ಒಂದೊಂದು ನಲವತ್ತ. ನಿಮ್ಮ ಹೆಣ್ಣಮಕ್ಕಳ ಹಲ್ಲೂ ನೋಡ್ರಿ ಸ್ವಲ್ಪ.”

“ನಾಕ, ನಲವತ್ತೈದ. ಎಳ್ಳಿನ ಉಂಡಿ ಮಿದು ಇರಬೇಕ. ಮತ್ತ ಅವನ್ನ ಆ ಪಂಚಾಂಗದ ಸಾಹೇಬರ ತಾವ ತಂದ ಕೊಡಬೇಕ.” ನನ್ನ ಕಡೆ ಅವರು ಆಗ ಮೊದಲ ಬಾರಿ ನೋಡಿದರು. “ಚವತಿ ದಿನ. ಯಾವತ್ತ ಚವತಿ ಅನ್ನೂದನ್ನ ಮಾತ್ರ ಬೀಗತ್ಯಾರನ್ನ ಕೇಳಕೊಂಡ ಬರ್ರಿ.”

ಹೀಗೆ ವ್ಯವಹಾರ ಕುದುರಿತು. ಸುಮನ ಹಿತ್ತಿಲಿಗೆ ಓಡಿದಳು. ಕಿಂಡಿಯಾಚೆ ಸಾತವ್ವ ಜೋರಾಗಿ ಏನೋ ಅಂದದ್ದೂ ಇವಳು ನಕ್ಕದ್ದೂ ಕೇಳಿಸಿತು. ಉಂಡಿಯ ಸಾಮಾನಿನ ಖರ್ಚು ಯಾರದೆಂದು ನಾನು ಕೇಳಿದೆ. ವೈನಿ ಪಂಚಾಂಗದ ಗೂಟದ ಕಡೆ ನೋಡಿದರು. ನಾನು ಕೊಡೆ ಹಿಡಿದು ಪೇಟೆಗೆ ಹೊರಟೆ.

ನಾನು ಮರಳಿದ ಮೇಲೆ, ಹೊತ್ತು ಮುಳುಗಲು ಅರ್ಧ ತಾಸು ಇರುವಾಗ ವೈನಿ ಒಲೆಯ ಮುಂದೆ ಕುಳಿತು ಝುಣಕ, ರೊಟ್ಟಿ ಉಂಡರು. ಚವಳಿಕಾಯಿ ಪಾತ್ರೆಯಲ್ಲಿ ಇನ್ನೂ ಇತ್ತು; ಮುಟ್ಟಲಿಲ್ಲ.

ಇಂದಿನ ಖರ್ಚು:
ಕಾಯಿಪಲ್ಲೆ, ಯಲ್ಲವ್ವನಿಗೆ: ೩ ಆಣೆ ೬ ಪೈ.
ಕಡಲೆಬೇಳೆ ಎರಡು ಸೇರು: ೪ ಆಣೆ.
ಬೆಲ್ಲ: ೩ ಆಣೆ.
ತುಪ್ಪ ಅರ್ಧ ಸೇರು: ೮ ಆಣೆ.
ಅಡಿಕೆ: ೧ ಆಣೆ.
ಬೀಗರ ಎತ್ತುಗಳಿಗೆ ಹಿಂಡಿ: ೨ ಆಣೆ.
ಉಂಡಿಗೆ ಎಳ್ಳು, ಶೇಂಗಾ, ಪುಟಾಣಿ, ರವೆ, ಬೆಲ್ಲ (ನನ್ನ ಕೈಯಿಂದ): ೨ ರೂಪಾಯಿ ೧೦ ಆಣೆ.
ಒಟ್ಟು: ೩ ರೂಪಾಯಿ ೧೫ ಆಣೆ ೬ ಪೈ.